ನಾಯಿಗೆ ಮನೆಯಲ್ಲೇ ತಿಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬೊಳ್ಳುಗೆ ಈಗ 9 ವರ್ಷ. ಊರ ನಾಯಿ, 14 ಕೆಜಿ ತೂಕ. ಅವನ ಟ್ರೀಟ್ ಎಲ್ಲ ನಮ್ಮ ಅಡುಗೆಮನೆಯಲ್ಲೇ ಆಗುತ್ತದೆ. ಅದು ಗೊತ್ತಾದ ಮೇಲೆ ನೆರೆಮನೆಯವರು, ಬೆಳಗ್ಗೆ ನಾಯಿ ಹಿಡಿದುಕೊಂಡು ವಾಕಿಂಗ್ ಬರುವವರು, ಮಂಗಳೂರಿನ ನೆಂಟರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಶುರು ಮಾಡುವ ಮೊದಲು

ಅಂಗಡಿಯಲ್ಲಿ ಸಿಗ್ತದಲ್ಲ, ಮನೆಯಲ್ಲಿ ಯಾಕೆ ಮಾಡಬೇಕು?

ಮಾಡಲೇಬೇಕು ಅಂತ ಏನೂ ಇಲ್ಲ. ಒಳ್ಳೆಯ ಟ್ರೀಟ್ ಅಂಗಡಿಯಲ್ಲೂ ಸಿಗುತ್ತದೆ. ನಾನು ಮಾಡುವುದಕ್ಕೆ ಎರಡು ಕಾರಣ. ಒಳಗೆ ಏನಿದೆ ಅಂತ ನನಗೆ ಗೊತ್ತಿರುತ್ತದೆ. ಇನ್ನೊಂದು, ಇದಕ್ಕೆ ಬೇರೆ ಸಾಮಾನು ತರಬೇಕಾಗಿಲ್ಲ. ಗೆಣಸು, ಸಿಹಿಗುಂಬಳ, ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನು, ಮೊಟ್ಟೆ, ಇವೆಲ್ಲ ನಮ್ಮ ಕಡೆ ಮನೆಗೆ ಬರುವ ವಸ್ತುಗಳೇ. ನೆನಪಿಡಬೇಕಾದ್ದು ಇಷ್ಟೇ: ಉಪ್ಪು, ಮೆಣಸು, ನೀರುಳ್ಳಿ ಬೀಳುವ ಮೊದಲು ನಾಯಿಯ ಪಾಲು ತೆಗೆದಿಡಿ. ಪಲ್ಯಕ್ಕೆ ಅಂತ ಸಿಹಿಗುಂಬಳ ಬೇಯಿಸಿದಾಗ ಒಗ್ಗರಣೆಗೆ ಮೊದಲು ನಾಲ್ಕು ಹೋಳು ಬೇರೆ ಬಟ್ಟಲಿಗೆ ಹಾಕಿಟ್ಟರೆ ಅವತ್ತಿನ ಟ್ರೀಟ್ ಆಯಿತು.

ನಾವು ಮಾರಿ ಬಿಸ್ಕೆಟ್ ಕೊಡ್ತೇವೆ. ಅದು ಸಾಕಲ್ವಾ?

ಒಂದು ಬಿಸ್ಕೆಟ್ ತಿಂದರೆ ನಾಯಿಗೆ ಏನೂ ಆಗುವುದಿಲ್ಲ. ಆದರೆ ಅದರಲ್ಲಿ ಇರುವುದು ಮೈದಾ, ಸಕ್ಕರೆ, ಎಣ್ಣೆ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ವರೂ ಚಹಾ ಕುಡಿಯುವಾಗ ಒಂದೊಂದು ಹಾಕುತ್ತಾರೆ, ಬೆಳಗ್ಗೆ ಸಂಜೆ ಸೇರಿ ಎಂಟಾಗುತ್ತದೆ, ಯಾರೂ ಲೆಕ್ಕ ಇಟ್ಟಿರುವುದಿಲ್ಲ, ಆಮೇಲೆ ನಾಯಿ ದಪ್ಪ ಆಗಿದೆ ಅಂತ ಡಾಕ್ಟರ್ ಹೇಳುವಾಗ ಆಶ್ಚರ್ಯ ಆಗುತ್ತದೆ. ಕ್ರೀಮ್ ಬಿಸ್ಕೆಟ್, ಚಾಕೊಲೇಟ್ ಬಿಸ್ಕೆಟ್ ಅಂತೂ ಬೇಡವೇ ಬೇಡ.

ದಿನಕ್ಕೆ ಎಷ್ಟು ಕೊಡಬಹುದು?

ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ: ದಿನದ ಒಟ್ಟು ಕ್ಯಾಲೊರಿಯಲ್ಲಿ ಟ್ರೀಟ್ ಪಾಲು 10% ದಾಟಬಾರದು. ಸಂತಾನಹರಣ ಆದ 10 ಕೆಜಿಯ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. ಅಂದರೆ ಟ್ರೀಟ್‌ಗೆ 60. ಒಂದು ಬೇಯಿಸಿದ ಮೊಟ್ಟೆಯಲ್ಲೇ 70 ಇರುತ್ತದೆ. ಆ 60ಕ್ಕೆ ಚರ್ಮ ತೆಗೆದು ಬೇಯಿಸಿದ ಕೋಳಿಯ ಎದೆ ಮಾಂಸ ಆದರೆ 35 ಗ್ರಾಂ, ಬೇಯಿಸಿದ ಗೆಣಸು ಆದರೆ 75 ಗ್ರಾಂ. ಸಿಹಿಗುಂಬಳದಲ್ಲಿ 100 ಗ್ರಾಂಗೆ 20ರ ಆಸುಪಾಸು ಅಷ್ಟೇ, ಹಾಗಾಗಿ ಹೊಟ್ಟೆಬಾಕ ನಾಯಿಗಳಿಗೆ ಅದು ಒಳ್ಳೆಯದು.

ತುಂಡಿನ ಗಾತ್ರ ನಾಯಿಗೆ ಮುಖ್ಯ ಅಲ್ಲ, ಎಷ್ಟು ಸಲ ಸಿಕ್ಕಿತು ಅನ್ನುವುದೇ ಮುಖ್ಯ. ಒಂದು ತುಂಡನ್ನು ಎಂಟು ಮಾಡಿ ಎಂಟು ಸಲ ಕೊಡಿ.

ಏನೇನು ಹಾಕಲೇಬಾರದು? ಒಂದು ಪಟ್ಟಿ ಕೊಡಿ

ಪಟ್ಟಿಗಿಂತ ನಮ್ಮ ಅಡುಗೆಮನೆಯಲ್ಲಿ ಅದು ಎಲ್ಲಿ ಅಡಗಿರುತ್ತದೆ ಅಂತ ಹೇಳುವುದು ಹೆಚ್ಚು ಉಪಯೋಗ.

ನೀರುಳ್ಳಿ, ಬೆಳ್ಳುಳ್ಳಿ ಮೊದಲು. ಇವು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಹಾಗಾಗಿ ಕೋರಿ ಸುಕ್ಕದ ಮಸಾಲೆ ತೊಳೆದು ಮಾಂಸ ಮಾತ್ರ ಕೊಟ್ಟೆವು ಅನ್ನುವುದು ಸರಿಯಲ್ಲ, ಮಸಾಲೆ ಒಳಗೆ ಇಳಿದಿರುತ್ತದೆ. ತೊಂದರೆ ಅವತ್ತೇ ಕಾಣಿಸುವುದಿಲ್ಲ, ಕೆಲವು ದಿನ ಬಿಟ್ಟು ಒಸಡು ಬಿಳಚಿಕೊಳ್ಳುತ್ತದೆ, ನಾಯಿ ಸುಸ್ತಾಗುತ್ತದೆ, ಮೂತ್ರದ ಬಣ್ಣ ಬದಲಾಗುತ್ತದೆ.

ದ್ರಾಕ್ಷಿ, ಒಣದ್ರಾಕ್ಷಿ ಎರಡೂ ಕಿಡ್ನಿಗೆ ಹೊಡೆತ. ಇದು ಪಾಯಸದಲ್ಲಿ, ಹಬ್ಬದ ಪ್ರಸಾದದಲ್ಲಿ ಬರುತ್ತದೆ. ಒಂದು ಚಮಚ ಪ್ರಸಾದ ನಾಯಿಗೂ ಇರಲಿ ಅಂತ ಹಿರಿಯರು ಪ್ರೀತಿಯಿಂದ ಹಾಕುತ್ತಾರೆ, ಅವರಿಗೆ ಮೊದಲೇ ಹೇಳಿಡಿ.

ಚಾಕೊಲೇಟ್, ಕಾಫಿಪುಡಿ, ಚಹಾಪುಡಿ, ಜಾಯಿಕಾಯಿ ಬೇಡ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಮತ್ತು ಕೆಲವು ಶುಗರ್‌ಫ್ರೀ ಪದಾರ್ಥಗಳಲ್ಲಿ ಕ್ಸೈಲಿಟಾಲ್ ಇರುತ್ತದೆ. ಇದು ತೀರಾ ಅಪಾಯ. ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು, ಲಿವರ್ ಕೂಡ ಹಾಳಾಗಬಹುದು. ಪೀನಟ್ ಬಟರ್ ತರುವಾಗ ಡಬ್ಬಿಯ ಹಿಂದೆ ಆ ಹೆಸರು ಅಥವಾ 967 ಅನ್ನುವ ಸಂಖ್ಯೆ ಇದೆಯಾ ನೋಡಿ.

ಹಸಿ ಕೆಸುವಿನ ಎಲೆ ನಮ್ಮ ಗಂಟಲಿಗೆ ತುರಿಸುವ ಹಾಗೆ ನಾಯಿಗೂ ತುರಿಸುತ್ತದೆ. ಪತ್ರೊಡೆಯಲ್ಲಿ ಅದು ಬೆಂದಿದ್ದರೂ ಹುಳಿ, ಖಾರ, ಉಪ್ಪು ಇದ್ದೇ ಇರುತ್ತದಲ್ಲ, ಬೇಡ. ಹುಳಿ ಬಂದ ದೋಸೆ ಹಿಟ್ಟನ್ನು ಹಸಿಯಾಗಿ ನೆಕ್ಕಲು ಬಿಡಬೇಡಿ, ಹೊಟ್ಟೆಯೊಳಗೂ ಉಬ್ಬುತ್ತದೆ. ಬೇಯಿಸಿದ ಕೋಳಿ ಮೂಳೆ ಸೀಳಿ ಚೂಪಾಗುತ್ತದೆ. ಮಾವಿನ ಗೊರಟು, ಬೀಚಿನಲ್ಲಿ ಜನ ಸುಟ್ಟ ಜೋಳ ತಿಂದು ಎಸೆಯುವ ದಿಂಡು, ಇವನ್ನು ನಾಯಿ ನುಂಗಿದರೆ ಕರುಳಿಗೆ ಅಡ್ಡ ಕೂರುತ್ತದೆ, ಆಪರೇಷನ್ ತನಕ ಹೋಗುತ್ತದೆ. ಪಣಂಬೂರಿಗೋ ಮಲ್ಪೆಗೋ ನಾಯಿ ಕರೆದುಕೊಂಡು ಹೋಗುವವರು ಮರಳಲ್ಲಿ ಕಣ್ಣಿಟ್ಟಿರಿ.

ಬೆಳ್ಳುಳ್ಳಿ ತಿನ್ನಿಸಿದ್ರೆ ಉಣ್ಣಿ ಬರಲ್ಲ ಅಂತಾರಲ್ಲ?

ಇಲ್ಲ. ಮೇಲೆ ಹೇಳಿದ ರಕ್ತದ ತೊಂದರೆ ಮಾತ್ರ ಗ್ಯಾರಂಟಿ. ನಮ್ಮ ಕರಾವಳಿಯಲ್ಲಿ ಉಣ್ಣಿ ಜ್ವರ ಜಾಸ್ತಿ, ಹಾಗಾಗಿ ಈ ಮಾತು ಬೇಗ ಹರಡುತ್ತದೆ. ಉಣ್ಣಿಗೆ ಡಾಕ್ಟರ್ ಕೊಡುವ ಮಾತ್ರೆಯೋ ಬೆನ್ನಿಗೆ ಬಿಡುವ ಔಷಧಿಯೋ ಇದೆ, ಅದನ್ನೇ ಹಾಕಿಸಿ.

## ಒಲೆಯ ಮುಂದೆ

ನಮ್ಮಲ್ಲಿ ಓವನ್ ಇಲ್ಲ. ಬಿಸ್ಕೆಟ್ ಆಗ್ತದಾ?

ಆಗುತ್ತದೆ. ನಾನು ಮೊದಲ ಮೂರು ವರ್ಷ ದೋಸೆ ಕಾವಲಿಯಲ್ಲೇ ಮಾಡಿದ್ದು. ಗೆಣಸು ರಾಗಿ ಬಿಸ್ಕೆಟ್ ಎಲ್ಲಕ್ಕಿಂತ ಸುಲಭ, ಇದರಿಂದಲೇ ಶುರು ಮಾಡಿ.

ಗೆಣಸನ್ನು ಸಿಪ್ಪೆ ಸಮೇತ ಬೇಯಿಸಿ, ಸುಲಿದು, ಗಂಟಿಲ್ಲದ ಹಾಗೆ ಹಿಸುಕಿ. ಒಂದು ಕಪ್ ಬೇಕು. ಪೂರ್ತಿ ತಣ್ಣಗಾದ ಮೇಲೆ ಒಂದು ಮೊಟ್ಟೆ ಒಡೆದು ಹಾಕಿ. ರಾಗಿ ಹಿಟ್ಟು ಸುಮಾರು ಒಂದೂವರೆ ಕಪ್ ಹಿಡಿಯುತ್ತದೆ, ಆದರೆ ಒಮ್ಮೆಗೇ ಸುರಿಯಬೇಡಿ, ಒಂದೊಂದು ಗೆಣಸಿನಲ್ಲಿ ನೀರು ಒಂದೊಂದು ಥರ ಇರುತ್ತದೆ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಬಂದರೆ ನಿಲ್ಲಿಸಿ. ನೀರು ಬೇಡ, ಉಪ್ಪು ಬೇಡ, ಬೆಲ್ಲ ಬೇಡ. ಗೆಣಸಿನ ಸಿಹಿಯೇ ಸಾಕು.

ಅರ್ಧ ಬೆರಳು ದಪ್ಪಕ್ಕೆ ಲಟ್ಟಿಸಿ, ಚಾಕುವಿನಿಂದ ಶಂಕರಪೋಳಿ ಥರ ಕತ್ತರಿಸಿ. ಕಾವಲಿ ಸಣ್ಣ ಉರಿಯಲ್ಲಿ ಇಟ್ಟು, ಎಣ್ಣೆ ಹಾಕದೆ, ಮುಚ್ಚಳ ಮುಚ್ಚಿ ಒಂದೊಂದು ಮಗ್ಗುಲಿಗೆ 10-12 ನಿಮಿಷ. ಕೊನೆಗೆ ಮುಚ್ಚಳ ತೆಗೆದು ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಹಬೆ ಹೋಗಿ ಗಟ್ಟಿಯಾಗುತ್ತದೆ. ಓವನ್ ಇದ್ದವರಿಗೆ 160 ಡಿಗ್ರಿ, 30-35 ನಿಮಿಷ. ಒಂದು ಬಿಸ್ಕೆಟ್ ಮುರಿದು ನೋಡಿ: ನಡುವೆ ಹಸಿ ಕಪ್ಪು ಗೆರೆ ಕಾಣಿಸಿದರೆ ಇನ್ನೂ ಬೇಯಬೇಕು.

ರಾಗಿ ಹಿಟ್ಟು ಲಟ್ಟಿಸುವಾಗ ಒಡೀತದೆ, ಏನು ಮಾಡಲಿ?

ರಾಗಿಯಲ್ಲಿ ಗೋಧಿಯ ಹಾಗೆ ಅಂಟು ಇಲ್ಲ, ಅದಕ್ಕೇ ಒಡೆಯುವುದು. ಎರಡು ಚಮಚ ಗೋಧಿ ಹಿಟ್ಟು ಸೇರಿಸಿ. ಗೋಧಿ ಆಗದ ನಾಯಿ ಆದರೆ ಲಟ್ಟಿಸುವ ಗೋಜಿಗೇ ಹೋಗಬೇಡಿ. ಸಣ್ಣ ಉಂಡೆ ಮಾಡಿ, ಹೆಬ್ಬೆರಳಲ್ಲಿ ಒತ್ತಿ ಕಾವಲಿಗೆ ಹಾಕಿ. ನಾಯಿಗೆ ಆಕಾರ ನೋಡಿ ಆಗಬೇಕಾದ್ದು ಏನಿದೆ?

ಮೀನು ಕೊಡಬೇಕು ಅಂತ ಇದೆ, ಆದರೆ ಮುಳ್ಳು ಸಿಕ್ಕಿಕೊಳ್ಳೋದಿಲ್ವಾ?

ಹಸಿ ಮೀನು, ಹುರಿದ ಮೀನು, ಮಸಾಲೆ ಮೀನು ಮೂರೂ ಬೇಡ. ಕೆಲವು ಮೀನುಗಳಲ್ಲಿ ಹಸಿಯಾಗಿದ್ದಾಗ ವಿಟಮಿನ್ ಬಿ1 ಅನ್ನು ನಾಶ ಮಾಡುವ ಅಂಶ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ಮುಳ್ಳಿಗೆ ಪರಿಹಾರ ಕುಕ್ಕರ್.

ಬೂತಾಯಿ ತೆಗೆದುಕೊಳ್ಳಿ. ಸಣ್ಣ ಮೀನು, ಎಣ್ಣೆ ಇರುವ ಮೀನು, ನಾಯಿಯ ಕೂದಲಿಗೂ ಚರ್ಮಕ್ಕೂ ಒಳ್ಳೆಯದು. ಆರು ಬೂತಾಯಿಯ ತಲೆ, ಹೊಟ್ಟೆ, ಬಾಲ, ರೆಕ್ಕೆ ತೆಗೆದು ತೊಳೆದು, ಮುಳುಗುವಷ್ಟು ನೀರು ಹಾಕಿ ನಾಲ್ಕು ವಿಸಿಲ್ ಬರಿಸಿ, ಆಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ ಬಿಡಿ. ತಣ್ಣಗಾದ ಮೇಲೆ ನಡುವಿನ ಮುಳ್ಳನ್ನು ಎರಡು ಬೆರಳ ನಡುವೆ ಇಟ್ಟು ಒತ್ತಿ. ಒದ್ದೆ ಸುಣ್ಣದ ಹಾಗೆ ಪುಡಿಯಾಗಬೇಕು. ಚುಚ್ಚಿದರೆ ಇನ್ನೂ ಎರಡು ವಿಸಿಲ್. ಈ ಒಂದು ಪರೀಕ್ಷೆ ಯಾವತ್ತೂ ಬಿಡಬೇಡಿ. ನಾನು ಆರು ಮೀನನ್ನೂ ಒಂದೊಂದಾಗಿ ಒತ್ತಿ ನೋಡುತ್ತೇನೆ.

ಆಮೇಲೆ ಮೀನನ್ನು ಹಿಸುಕಿ, ಒಂದು ಕಪ್ ಮೆತ್ತಗಿನ ಕುಚ್ಚಲಕ್ಕಿ ಅನ್ನ, ಒಂದು ಮೊಟ್ಟೆ, ಎರಡು ಚಮಚ ಅಕ್ಕಿ ಹಿಟ್ಟು ಸೇರಿಸಿ. ತಟ್ಟೆಗೆ ಬಾಳೆಲೆ ಹಾಸಿ, ಹರಡಿ, ಇಡ್ಲಿ ಪಾತ್ರೆಯಲ್ಲಿ 15-20 ನಿಮಿಷ ಹಬೆಯಲ್ಲಿ ಬೇಯಿಸಿ. ಎಲೆ ಬಿಡಿಸಿ ಸಣ್ಣ ಚೌಕ ಕತ್ತರಿಸಿ. ನಮ್ಮಲ್ಲಿ ಇದಕ್ಕೆ ಬೂತಾಯಿ ಕಡುಬು ಅಂತಲೇ ಹೆಸರು. ಮುಚ್ಚಳ ತೆಗೆದ ಕೂಡಲೇ ಬೊಳ್ಳು ಅಡುಗೆಮನೆಯ ಹೊಸಿಲಿಗೆ ಗಲ್ಲ ಊರಿ ಮಲಗುತ್ತಾನೆ, ಒಳಗೆ ಬರುವುದಿಲ್ಲ, ಕಣ್ಣು ಮಾತ್ರ ಪಾತ್ರೆಯ ಮೇಲೆ.

ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ನಾಡದೋಣಿಯ ಮೀನೇ ಗತಿ, ರೇಟೂ ಏರುತ್ತದೆ. ಆ ಎರಡು ತಿಂಗಳು ನಾನು ಮೊಟ್ಟೆ, ಕೋಳಿಗೆ ಬದಲಾಯಿಸುತ್ತೇನೆ.

ಮೀನು ಇಲ್ಲದಿದ್ದಾಗ ಒಣಮೀನು ನೆನೆಸಿ ಕೊಡಬಹುದಾ?

ಬೇಡ. ಉಪ್ಪಿನಲ್ಲೇ ಒಣಗಿಸಿದ್ದು ಅದು. ನೆನೆಸಿ ನೀರು ಚೆಲ್ಲಿದರೂ ಒಳಗಿನ ಉಪ್ಪು ಪೂರ್ತಿ ಹೋಗುವುದಿಲ್ಲ, ಮುಳ್ಳೂ ಗಟ್ಟಿ.

ನಮ್ಮದು ಮೀನು, ಮೊಟ್ಟೆ ತರದ ಮನೆ. ನಾಯಿಗೆ ಏನು ಮಾಡೋದು?

ಉಡುಪಿಯಲ್ಲಿ ಈ ಪ್ರಶ್ನೆ ತುಂಬಾ ಸಲ ಬರುತ್ತದೆ, ಕೇಳುವಾಗ ಸ್ವಲ್ಪ ಸಂಕೋಚವೂ ಇರುತ್ತದೆ. ಸಂಕೋಚ ಬೇಡ. ಟ್ರೀಟ್ ಸಸ್ಯಾಹಾರಿ ಆಗಿದ್ದರೆ ಏನೂ ಕೊರತೆ ಇಲ್ಲ. ನಾಯಿ ಮನುಷ್ಯನ ಜೊತೆ ಬಾಳಿ ಬಾಳಿ ತೋಳಕ್ಕಿಂತ ಚೆನ್ನಾಗಿ ಪಿಷ್ಟ ಜೀರ್ಣ ಮಾಡಿಕೊಳ್ಳಲು ಕಲಿತಿದೆ. ಅದಕ್ಕೆ ಸಂಬಂಧಪಟ್ಟ ಜೀನ್‌ಗಳು ನಾಯಿಯಲ್ಲಿ ಹೆಚ್ಚಿರುವುದು 2013ರಲ್ಲಿ ಬಂದ ಸಂಶೋಧನೆಯಲ್ಲಿ ಗೊತ್ತಾಯಿತು.

ಬೇಯಿಸಿದ ಸಿಹಿಗುಂಬಳ, ಗೆಣಸು, ಕ್ಯಾರೆಟ್, ಬೀನ್ಸ್, ಹಸಿ ಮುಳ್ಳುಸೌತೆ ತುಂಡು, ಇವು ಹಾಗೇ ಟ್ರೀಟ್. ಬಿಸ್ಕೆಟ್ ಬೇಕಿದ್ದರೆ ಮೇಲಿನ ರಾಗಿ ಬಿಸ್ಕೆಟ್‌ಗೆ ಮೊಟ್ಟೆ ಬದಲು ಮೂರು ಚಮಚ ಗಟ್ಟಿ ಮೊಸರು ಹಾಕಿ, ಸ್ವಲ್ಪ ಗೋಧಿ ಹಿಟ್ಟು ಸೇರಿಸಿ. ಬೇಯಿಸಿ ಹಿಸುಕಿದ ಹೆಸರುಬೇಳೆಯೂ ಹಿಡಿದಿಡುತ್ತದೆ. ತೆಂಗಿನತುರಿ ಒಂದು ಚಿಟಿಕೆ ಇದ್ದರೆ ಪರಿಮಳಕ್ಕೆ ಆಯಿತು, ಜಾಸ್ತಿ ಹಾಕಿದರೆ ಭೇದಿ ಆಗುತ್ತದೆ. ಆದರೆ ಒಂದು ಮಾತು: ಟ್ರೀಟ್ ಸಸ್ಯಾಹಾರಿ ಆಗುವುದು ಬೇರೆ, ಮೂರು ಹೊತ್ತಿನ ಊಟ ಬರೀ ಮೊಸರನ್ನ ಆಗುವುದು ಬೇರೆ. ಊಟದಲ್ಲಿ ಪ್ರೋಟೀನ್ ಸರಿಯಾಗಿ ಸಿಗಬೇಕು. ಪ್ಯಾಕೆಟ್ ಆಹಾರ ಕೊಡುವುದಕ್ಕೆ ಮನೆಯಲ್ಲಿ ಒಪ್ಪಿಗೆ ಇದ್ದರೆ ಊಟಕ್ಕೆ ಅದು, ಟ್ರೀಟ್‌ಗೆ ಇದು.

ಕೋಳಿ ಮಾಂಸ ಬಿಸಿಲಿಗೆ ಒಣಗಿಸಿ ಇಡಬಹುದಾ?

ನಮ್ಮ ಗಾಳಿಯಲ್ಲಿ ಬೇಡ. ಸಂಡಿಗೆ ಒಣಗುವ ಬಿಸಿಲಿಗೆ ಮಾಂಸವೂ ಒಣಗುತ್ತದೆ ಅಂತ ಅನ್ನಿಸುತ್ತದೆ, ಆದರೆ ತೇವ ಜಾಸ್ತಿ, ನೊಣ ಜಾಸ್ತಿ, ಒಣಗುವ ಮೊದಲೇ ಕೆಡುತ್ತದೆ. ಎದೆ ಮಾಂಸವನ್ನು ತೆಳ್ಳಗೆ ಕತ್ತರಿಸಿ ಮೊದಲು ಹಬೆಯಲ್ಲಿ ಪೂರ್ತಿ ಬೇಯಿಸಿ. ಒಳಗಿನ ಬಿಸಿ 74 ಡಿಗ್ರಿ ಮುಟ್ಟಿದರೆ ರೋಗಾಣು ಸಾಯುತ್ತವೆ. ಆಮೇಲೆ ಓವನ್‌ನಲ್ಲಿ 90 ಡಿಗ್ರಿಗೆ ಎರಡು ಮೂರು ಗಂಟೆ ಒಣಗಿಸಿ. ಆದ ಮೇಲೂ ಫ್ರಿಜ್‌ನಲ್ಲೇ ಇಡಿ.

## ಮಳೆಗಾಲ, ಸೆಖೆಗಾಲ

ಡಬ್ಬದಲ್ಲಿ ಎಷ್ಟು ದಿನ ಇಡಬಹುದು?

ಡಿಸೆಂಬರ್, ಜನವರಿಯಲ್ಲಿ ಚೆನ್ನಾಗಿ ಒಣಗಿದ ರಾಗಿ ಬಿಸ್ಕೆಟ್ ಗಾಳಿಯಾಡದ ಡಬ್ಬದಲ್ಲಿ ಹತ್ತು ದಿನ ಇರುತ್ತದೆ. ಮಳೆಗಾಲದಲ್ಲಿ ಮೂರು ದಿನವೂ ನಂಬಬೇಡಿ.

ಇದನ್ನು ನಾನು ಕಷ್ಟಪಟ್ಟು ಕಲಿತಿದ್ದು. ಒಂದು ಜುಲೈಯಲ್ಲಿ ನೆಲಗಡಲೆ ಪುಡಿ ಹಾಕಿದ ಬಿಸ್ಕೆಟ್ ಸ್ಟೀಲ್ ಡಬ್ಬದಲ್ಲಿ ಇಟ್ಟಿದ್ದೆ. ಆರನೇ ದಿನ ರಾತ್ರಿ ಕರೆಂಟ್ ಹೋಗಿತ್ತು, ಕತ್ತಲಲ್ಲಿ ಕೈ ಹಾಕಿ ಎರಡು ತೆಗೆದು ಬೊಳ್ಳುಗೆ ಕೊಟ್ಟೆ. ಬೆಳಗಿನ ತನಕ ವಾಂತಿ. ಬೆಳಕಾದ ಮೇಲೆ ನೋಡಿದರೆ ಬಿಸ್ಕೆಟ್‌ನ ಅಡಿಗೆ ಕೂದಲಿನಷ್ಟು ತೆಳುವಾದ ಬೂದು ಬೂಸ್ಟು. ಮೇಲಿನಿಂದ ಏನೂ ಕಾಣಿಸುತ್ತಿರಲಿಲ್ಲ. ಡಾಕ್ಟರ್ ಹತ್ತಿರ ಓಡಿದೆವು, ಡ್ರಿಪ್ ಹಾಕಿದರು, ಎರಡು ದಿನಕ್ಕೆ ಸರಿಯಾದ. ನೆಲಗಡಲೆ, ಜೋಳದಲ್ಲಿ ಬರುವ ಕೆಲವು ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ, ಅದು ನಾಯಿಯ ಲಿವರ್‌ಗೇ ಹೊಡೆಯುತ್ತದೆ, ಬಿಸಿ ಮಾಡಿದರೂ ಹೋಗುವುದಿಲ್ಲ. ಬೂಸ್ಟು ಕೆರೆದು ಉಳಿದದ್ದು ಕೊಡುವ ಯೋಚನೆಯೇ ಬೇಡ.

ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ಗಟ್ಟಿ ಬಿಸ್ಕೆಟ್ ಮಾಡುವುದನ್ನೇ ಬಿಟ್ಟಿದ್ದೇನೆ. ಹಬೆಯಲ್ಲಿ ಬೇಯಿಸಿದ ಮೆತ್ತಗಿನ ತುಂಡು ಮಾಡಿ, ಒಂದು ದಿನಕ್ಕೆ ಬೇಕಾದಷ್ಟು ಒಂದೊಂದು ಪೊಟ್ಟಣ ಕಟ್ಟಿ ಫ್ರೀಜರ್‌ಗೆ ಹಾಕುತ್ತೇನೆ. ಎರಡು ತಿಂಗಳು ತೊಂದರೆ ಇಲ್ಲ. ಫ್ರಿಜ್‌ನ ಕೆಳಗಿನ ಭಾಗದಲ್ಲಿ ಮೂರು ದಿನ. ಕರೆಂಟ್ ಇಡೀ ದಿನ ಹೋಗಿ ಫ್ರೀಜರ್ ಕರಗಿದ್ದರೆ ಮೀನು, ಕೋಳಿಯದ್ದು ಬಿಸಾಡಿ.

ಏಪ್ರಿಲ್ ಮೇ ಸೆಖೆಗೆ ತಣ್ಣಗಿನ ತಿಂಡಿ ಏನು ಮಾಡಬಹುದು?

ಬಚ್ಚಂಗಾಯಿ, ಅಂದರೆ ಕಲ್ಲಂಗಡಿ. ಬೀಜ, ಸಿಪ್ಪೆ ತೆಗೆದು, ಹಿಸುಕಿ, ಎರಡು ಚಮಚ ಹುಳಿಯಿಲ್ಲದ ಮೊಸರು ಸೇರಿಸಿ ಐಸ್ ಟ್ರೇಗೆ ಹಾಕಿ. ಚಿಕ್ಕ ನಾಯಿಗೆ ಅರ್ಧ ತುಂಡು, ದೊಡ್ಡದಕ್ಕೆ ಒಂದೆರಡು. ಉಪ್ಪು ಹಾಕದೆ ಕೋಳಿ ಬೇಯಿಸಿದ ನೀರನ್ನೂ ಹೀಗೇ ಮಾಡಬಹುದು, ಮೇಲೆ ತೇಲುವ ಕೊಬ್ಬು ತೆಗೆಯಿರಿ. ಐಸ್‌ಕ್ರೀಂ ಕೊಡಬೇಡಿ. ಹಾಲು ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಜೀರ್ಣ ಆಗುವುದಿಲ್ಲ.

ನಾಯಿ ಬಿಸಿಲಿಗೆ ಸೋತು ಜೋರಾಗಿ ಏದುಸಿರು ಬಿಡುತ್ತಿದ್ದರೆ, ತೂರಾಡುತ್ತಿದ್ದರೆ ಅದು ತಿಂಡಿಯ ಹೊತ್ತಲ್ಲ. ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಹಾಕುತ್ತಾ ಡಾಕ್ಟರಿಗೆ ಫೋನ್ ಮಾಡಿ.

## ಸ್ವಲ್ಪ ಮುಂದಕ್ಕೆ ಹೋದವರಿಗೆ

ಪಟಾಕಿ, ಹುಲಿವೇಷದ ತಾಸೆ ಕೇಳಿದ್ರೆ ನಾಯಿ ನಡುಗ್ತದೆ. ಟ್ರೀಟ್ ಕೊಟ್ರೆ ಹೆದರಿಕೆ ಜಾಸ್ತಿ ಆಗ್ತದಾ?

ಇಲ್ಲ. ಹೆದರಿಕೆ ಒಂದು ಭಾವನೆ, ಬಹುಮಾನ ಕೊಟ್ಟರೆ ಅದು ಬೆಳೆಯುವುದಿಲ್ಲ. ಸದ್ದು ಬಂದ ಕೂಡಲೇ ತುಂಬಾ ರುಚಿಯದ್ದು ಸಿಕ್ಕಿದರೆ, ಸದ್ದು ಬಂತು ಅಂದರೆ ಒಳ್ಳೆಯದು ಬಂತು ಅಂತ ನಾಯಿ ನಿಧಾನಕ್ಕೆ ಕಲಿಯುತ್ತದೆ. ಕ್ರಮ ಮುಖ್ಯ: ಮೊದಲು ಸದ್ದು, ಆಮೇಲೆ ತಿಂಡಿ. ಅಷ್ಟಮಿ, ದಸರಾಕ್ಕೆ ಎರಡು ತಿಂಗಳ ಮೊದಲೇ ಮೊಬೈಲಿನಲ್ಲಿ ತಾಸೆಯ ಸದ್ದನ್ನು ತೀರಾ ಸಣ್ಣಗೆ ಹಾಕಿ ಶುರು ಮಾಡಿ, ನಾಯಿ ಕಿವಿ ನಿಮಿರಿಸಿದರೂ ಆರಾಮಾಗಿ ತಿನ್ನುವಷ್ಟೇ ಸದ್ದು ಇರಲಿ. ಇದಕ್ಕೆ ಬೂತಾಯಿ ಕಡುಬನ್ನು ಕಡಲೆಕಾಳಿನಷ್ಟು ಸಣ್ಣಗೆ ಕತ್ತರಿಸಿ ಇಟ್ಟುಕೊಳ್ಳಿ, ಬೇರೆ ಹೊತ್ತಿಗೆ ಅದನ್ನು ಕೊಡಬೇಡಿ. ಹೆದರಿ ಮೂಲೆ ಸೇರಿದ ನಾಯಿ ಏನೂ ತಿನ್ನುವುದಿಲ್ಲ, ಆಗ ಒತ್ತಾಯ ಬೇಡ, ಕಿಟಕಿ ಮುಚ್ಚಿ ಜೊತೆಗೆ ಕೂತುಕೊಳ್ಳಿ.

ಮೈ ತುಂಬಾ ಕೆರೆದುಕೊಳ್ತದೆ. ಟ್ರೀಟ್‌ನಿಂದ ಅಲರ್ಜಿ ಇರಬಹುದಾ?

ಮೊದಲು ಉಣ್ಣಿ, ಚಿಗಟ, ಮಳೆಗಾಲದ ಫಂಗಸ್ ನೋಡಿಸಿ, ನಮ್ಮ ಕಡೆ ಹೆಚ್ಚಿನದು ಅದೇ. ಆಹಾರದ ಅಲರ್ಜಿಯೂ ಇರುತ್ತದೆ. ಕೋಳಿ, ದನದ ಮಾಂಸ, ಹಾಲಿನ ಪದಾರ್ಥ, ಗೋಧಿ, ಸಾಮಾನ್ಯವಾಗಿ ಇವುಗಳಿಂದ. ಡಾಕ್ಟರ್ ಸುಮಾರು ಎಂಟು ವಾರ ಒಂದೇ ಬಗೆಯ ಆಹಾರ ಕೊಟ್ಟು ನೋಡಲು ಹೇಳಿದರೆ, ಆ ಎಂಟು ವಾರ ಟ್ರೀಟ್ ಕೂಡ ಅದರಿಂದಲೇ ಮಾಡಬೇಕು. ನಡುವೆ ಯಾರೋ ಒಂದು ಬಿಸ್ಕೆಟ್ ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ. ಹೊಸ ಪದಾರ್ಥ ಯಾವಾಗಲೂ ಒಂದೊಂದೇ ಕೊಡಿ, ನಾಲ್ಕು ದಿನ ನೋಡಿ, ಆಮೇಲೆ ಇನ್ನೊಂದು.

ಮಾತ್ರೆ ಒಳಗಿಟ್ಟು ಕೊಡೋದಕ್ಕೆ ಯಾವುದು ಒಳ್ಳೇದು?

ಬೇಯಿಸಿದ ಗೆಣಸನ್ನು ಅನ್ನದ ಜೊತೆ ಹಿಸುಕಿ ಗೋಲಿಯಷ್ಟು ಉಂಡೆ ಮಾಡಿ. ಮೂರು ಉಂಡೆ ಇಟ್ಟುಕೊಳ್ಳಿ: ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದು ಕಣ್ಣಿಗೆ ಕಾಣುವ ಹಾಗೆ ಕೈಯಲ್ಲಿ. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತದೆ. ಉಣ್ಣಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಹಾಲು, ಮೊಸರು, ಪನೀರ್ ಜೊತೆ ಕೊಡಬೇಡಿ, ಕ್ಯಾಲ್ಸಿಯಂ ಸೇರಿದರೆ ಔಷಧಿ ದೇಹಕ್ಕೆ ಹಿಡಿಯುವುದು ಕಡಿಮೆಯಾಗುತ್ತದೆ. ಕೊಟ್ಟ ಮೇಲೆ ನೀರು ಕುಡಿಸಿ.

ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇರುವ ನಾಯಿಗೆ ಈ ಟ್ರೀಟ್ ಆಗ್ತದಾ?

ಇಲ್ಲಿ ಬರೆದದ್ದು ಆರೋಗ್ಯವಾಗಿರುವ ನಾಯಿಗೆ. ಕಿಡ್ನಿ ತೊಂದರೆ ಇದ್ದರೆ ರಂಜಕ ಕಡಿಮೆ ಇರಬೇಕು, ಆಗ ಮುಳ್ಳು ಸಮೇತ ಹಿಸುಕಿದ ಬೂತಾಯಿ ಆಗುವುದಿಲ್ಲ. ಮೇದೋಜೀರಕ ಗ್ರಂಥಿ ಒಮ್ಮೆ ಊದಿಕೊಂಡ ನಾಯಿಗೆ ತೆಂಗಿನಕಾಯಿ, ಕೋಳಿ ಚರ್ಮದಂಥ ಕೊಬ್ಬಿನದ್ದು ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಹೊತ್ತಿನ ಲೆಕ್ಕ ತಪ್ಪಬಾರದು. ಏನು ಮಾಡಬೇಕು ಅಂತಿದ್ದೀರೋ ಅದರ ಸಾಮಾನುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಇಷ್ಟೆಲ್ಲ ಮಾಡ್ತೇವಲ್ಲ, ಪೂರ್ತಿ ಊಟವನ್ನೇ ಹೀಗೆ ಮಾಡಬಹುದಲ್ವಾ?

ಟ್ರೀಟ್ ಸಮತೋಲನ ಆಗಿರಬೇಕಾಗಿಲ್ಲ, ಅದಕ್ಕೇ ಅದು ಸುಲಭ. ಊಟ ಹಾಗಲ್ಲ. ಮೂಳೆಯಿಲ್ಲದ ಮಾಂಸ ಮತ್ತು ಅನ್ನದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ರಂಜಕ ಜಾಸ್ತಿ. ತಿಂಗಳುಗಟ್ಟಲೆ ಅದೇ ಆದರೆ, ಅದರಲ್ಲೂ ಮರಿಗಳಿಗೆ, ಎಲುಬು ಮೆತ್ತಗಾಗುತ್ತದೆ. ಮಾಡುವ ಮನಸ್ಸಿದ್ದರೆ ನಾಯಿಯ ತೂಕ, ವಯಸ್ಸು ನೋಡಿ ಅಳತೆ ಬರೆದುಕೊಡುವ ಪಶುವೈದ್ಯರನ್ನು ಹಿಡಿಯಿರಿ.

ನಮ್ಮ ನಾಯಿಗೆ ವಯಸ್ಸಾಗಿದೆ, ಹಲ್ಲು ಹೋಗಿದೆ. ಬಿಸ್ಕೆಟ್ ಬಾಯಲ್ಲಿಟ್ಟು ಉಗುಳ್ತದೆ

ನೋವಾಗುತ್ತಿರಬೇಕು, ಒಮ್ಮೆ ಬಾಯಿ ತೋರಿಸಿ. ಬೊಳ್ಳುಗೂ ಈಗ ಹಿಂದಿನ ಎರಡು ಹಲ್ಲು ಇಲ್ಲ. ಗಟ್ಟಿ ಬಿಸ್ಕೆಟ್ ಉಳಿದಿದ್ದರೆ ಬಿಸಿ ಗಂಜಿ ತಿಳಿಯಲ್ಲಿ ಐದು ನಿಮಿಷ ನೆನೆಸಿ, ತಣ್ಣಗಾದ ಮೇಲೆ ಚಮಚದಲ್ಲಿ ಕೊಡುತ್ತೇನೆ. ಗಂಜಿ ಉಪ್ಪು ಹಾಕುವ ಮೊದಲಿನದ್ದು. ಹಿಸುಕಿದ ಸಿಹಿಗುಂಬಳ, ಬೇಯಿಸಿದ ಮೊಟ್ಟೆ ಪುಡಿ ಮಾಡಿದ್ದು ಕೂಡ ಆಗುತ್ತದೆ. ಕೊಡುವ ಮೊದಲು ಸ್ವಲ್ಪ ಬೆಚ್ಚಗೆ ಮಾಡಿ, ವಯಸ್ಸಾದ ನಾಯಿಗೆ ಮೂಗು ಮಂದ ಆಗಿರುತ್ತದೆ, ಬೆಚ್ಚಗಿದ್ದರೆ ವಾಸನೆ ಬೇಗ ಸಿಗುತ್ತದೆ.